ಕುದುರೆ ಮೊದಲು ಪಳಗಿದ್ದು ಎಲ್ಲಿ? ಒಂದು ಹಲ್ಲಿನಿಂದ ಶುರುವಾದ ಗೊಂದಲ

ಕುದುರೆಯನ್ನು ಮನುಷ್ಯ ಮೊದಲು ಪಳಗಿಸಿದ್ದು ಎಲ್ಲಿ ಅಂತ ಹುಡುಕಿದರೆ ಮೂರು ಉತ್ತರ ಸಿಗುತ್ತವೆ. ಹಳೆಯ ಬರಹಗಳು ಉಕ್ರೇನ್ ಅನ್ನುತ್ತವೆ. ಆಮೇಲಿನವು ಕಜಕಸ್ತಾನ ಅನ್ನುತ್ತವೆ. ಈಗಿನವು ರಷ್ಯಾದ ವೋಲ್ಗಾ ಮತ್ತು ಡಾನ್ ನದಿಗಳ ಕಡೆ ಕೈ ತೋರಿಸುತ್ತವೆ. ಯಾವುದೂ ಸುಮ್ನೆ ಹುಟ್ಟಿದ ಉತ್ತರವಲ್ಲ.

ಅದಕ್ಕೂ ಹಿಂದಿನ ಕಥೆ ಸರಳ. ಮನುಷ್ಯ ಲಕ್ಷಾಂತರ ವರ್ಷ ಕುದುರೆಯನ್ನು ಬೇಟೆಯಾಡಿ ತಿಂದ. ಜರ್ಮನಿಯ ಶೋನಿಂಗನ್‌ನಲ್ಲಿ ಮರದ ಈಟಿಗಳ ಜೊತೆಗೇ ಕುದುರೆ ಮೂಳೆಗಳು ಸಿಕ್ಕಿವೆ. ಫ್ರಾನ್ಸಿನ ಲಾಸ್ಕೊ ಗುಹೆಯ ಗೋಡೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಪ್ರಾಣಿಯೂ ಕುದುರೆಯೇ.

ತೊಡಕು ಶುರುವಾಗುವುದು ಬೇಟೆ ಸಾಕಣೆಯಾಗಿ ಬದಲಾದ ಹೊತ್ತಿನಲ್ಲಿ. ಆರಂಭದ ಸಾಕು ಕುದುರೆಯ ಎಲುಬಿಗೂ ಕಾಡು ಕುದುರೆಯ ಎಲುಬಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹಗ್ಗ, ಚರ್ಮದ ಪಟ್ಟಿ ಮಣ್ಣಲ್ಲಿ ಕೊಳೆತು ಹೋಗುತ್ತವೆ. ಉಳಿಯುವುದು ಹಲ್ಲು. ಬಾಯಿಗೆ ಕಡಿವಾಣ ಹಾಕಿದರೆ ಕೆಳದವಡೆಯ ಮೊದಲ ಅರೆಯುವ ಹಲ್ಲಿನ ಮುಂಭಾಗ ಸವೆಯುತ್ತದೆ. ಆ ಸವೆತ ಸಿಕ್ಕರೆ ಸವಾರ ಸಿಕ್ಕ ಹಾಗೆ ಅನ್ನುವುದು ಲೆಕ್ಕಾಚಾರ.

ಉಕ್ರೇನಿನ ದ್ನೀಪರ್ ನದಿ ದಂಡೆಯ ಡೆರೀವ್ಕಾದಲ್ಲಿ ಅಂಥ ಒಂದು ಗಂಡು ಕುದುರೆಯ ತಲೆಬುರುಡೆ ಸಿಕ್ಕಿತ್ತು. ಅಲ್ಲಿನ ವಸತಿ ಸುಮಾರು ಕ್ರಿ.ಪೂ. 4000ದ ಕಾಲದ್ದು. ಅಂದರೆ ಸವಾರಿಗೆ 6000 ವರ್ಷ ವಯಸ್ಸು! ಕುದುರೆ ಏರಿದ ಹುಲ್ಲುಗಾವಲಿನ ಜನ ತಮ್ಮ ಭಾಷೆಯನ್ನು ಯುರೋಪಿಗೆ ಒಯ್ದರು ಎಂಬ ವಾದ 1950ರ ದಶಕದಿಂದಲೇ ಇತ್ತು. ಈ ಹಲ್ಲು ಅದಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಆಮೇಲೆ ಆ ತಲೆಬುರುಡೆಯನ್ನೇ ನೇರವಾಗಿ ರೇಡಿಯೋಕಾರ್ಬನ್ ಪರೀಕ್ಷೆಗೆ ಒಡ್ಡಿದಾಗ ಅದು ಕಬ್ಬಿಣ ಯುಗದ್ದು ಎಂದು ತಿಳಿಯಿತು. ಸಾವಿರಾರು ವರ್ಷ ಈಚಿನ ಕುದುರೆಯೊಂದು ಹಳೆಯ ಪದರದೊಳಗೆ ಹೂತು ಹೋಗಿತ್ತು. ಹಲ್ಲಿನ ವಾದ ಮುಂದಿಟ್ಟಿದ್ದ ಪುರಾತತ್ವಜ್ಞರಾದ ಡೇವಿಡ್ ಆಂಥನಿ ಮತ್ತು ಡಾರ್ಕಸ್ ಬ್ರೌನ್ ಅವರೇ ಡೆರೀವ್ಕಾವನ್ನು ಪಟ್ಟಿಯಿಂದ ತೆಗೆದರು. ವಿಜ್ಞಾನದಲ್ಲಿ ಇದು ಸಾಮಾನ್ಯ ಮರ್ಯಾದೆ ಅನ್ನಿಸಬಹುದು. ಆದರೆ ಎಲ್ಲರಿಂದಲೂ ಆಗುವ ಕೆಲಸವಲ್ಲ.

ಖಾಲಿಯಾದ ಜಾಗಕ್ಕೆ ಬಂದದ್ದು ಉತ್ತರ ಕಜಕಸ್ತಾನದ ಬೊತಾಯ್. ಕಾಲ ಸುಮಾರು ಕ್ರಿ.ಪೂ. 3500. ನೆಲ ಅಗೆದು ಕಟ್ಟಿದ ಮನೆಗಳ ದೊಡ್ಡ ಊರು ಅದು. ಅಲ್ಲಿ ಸಿಕ್ಕ ಪ್ರಾಣಿ ಮೂಳೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕುದುರೆಯವೇ. 2009ರಲ್ಲಿ ಅಲನ್ ಔಟ್ರಮ್ ಅವರ ತಂಡ ಮೂರು ಸಾಕ್ಷಿ ಒಟ್ಟಿಗೆ ಇಟ್ಟಿತು: ತೆಳ್ಳಗಿನ ಕಾಲೆಲುಬು, ಕಡಿವಾಣದ ಗುರುತು, ಮಡಕೆಗೆ ಅಂಟಿದ ಹಾಲಿನ ಕೊಬ್ಬು. ಮೂರನೆಯದು ನಿಜಕ್ಕೂ ಜಾಣತನದ ಕೆಲಸ. ಹೆಣ್ಣು ಕುದುರೆ ಬೇಸಿಗೆಯಲ್ಲಿ ಹಾಲು ಕೊಡುತ್ತದೆ. ಆ ಸೀಮೆಯಲ್ಲಿ ಬೇಸಿಗೆ ಮಳೆಯ ನೀರಿಗೂ ಚಳಿಗಾಲದ ನೀರಿಗೂ ಹೈಡ್ರೋಜನ್ ಲಕ್ಷಣ ಬೇರೆ. ಕುಡಿದ ನೀರಿನ ಆ ಗುರುತು ಕೊಬ್ಬಿನಲ್ಲೂ ಉಳಿಯುತ್ತದೆ. ಹಾಗಾಗಿ ಮಡಕೆಯ ಜಿಡ್ಡು ಮಾಂಸದ್ದೋ ಹಾಲಿನದೋ ಎಂದು ಬೇರ್ಪಡಿಸಬಹುದು. ಕಾಡು ಕುದುರೆಯ ಹಾಲು ಕರೆಯಲು ಯಾರಿಂದ ಆದೀತು?

ಒಂಬತ್ತು ವರ್ಷ ಈ ಚಿತ್ರ ಗಟ್ಟಿಯಾಗಿ ನಿಂತಿತ್ತು. 2018ರಲ್ಲಿ ಬೊತಾಯ್ ಕುದುರೆಗಳ ಡಿಎನ್‌ಎ ಓದಿದಾಗ ಅವು ಇಂದಿನ ಸಾಕು ಕುದುರೆಗಳ ಪೂರ್ವಜರಲ್ಲ ಎಂದು ಗೊತ್ತಾಯಿತು. ಅವುಗಳ ಹತ್ತಿರದ ಸಂಬಂಧ ಮಂಗೋಲಿಯಾದ ಪ್ರಝೆವಾಲ್‌ಸ್ಕಿ ಕುದುರೆಯ ಜೊತೆ. ಭೂಮಿಯ ಕೊನೆಯ ಕಾಡು ಕುದುರೆ ಎಂದು ನಾವು ಕಾಪಾಡಿಕೊಂಡು ಬಂದದ್ದು ಇದನ್ನೇ. ಹಾಗಾದರೆ ಅದು ಲಾಯ ಬಿಟ್ಟು ಓಡಿದ ಕುದುರೆಯ ವಂಶವೇ? ಅಷ್ಟರಲ್ಲಿ 2021ರಲ್ಲಿ ಇನ್ನೊಂದು ಏಟು. ಮನುಷ್ಯ ಕಡಿವಾಣ ಹಾಕಿರಲು ಸಾಧ್ಯವೇ ಇಲ್ಲದ ಹಿಮಯುಗದ ಅಮೆರಿಕದ ಕುದುರೆಗಳಲ್ಲೂ ಅಂಥದ್ದೇ ಸವೆತ ಇದೆ, ಬೊತಾಯ್‌ನಲ್ಲಿ ನಡೆದದ್ದು ಬೇಟೆಯೇ ಇರಬಹುದು ಎಂದು ಕೆಲವರು ವಾದಿಸಿದರು. ಇನ್ನೊಂದು ತಂಡ ಬೊತಾಯ್‌ನ ಇಬ್ಬರ ಹಲ್ಲಿನ ಪಾಚಿ ಪರೀಕ್ಷಿಸಿತು. ಅದರಲ್ಲಿ ಹಾಲಿನ ಪ್ರೋಟೀನ್ ಸಿಗಲಿಲ್ಲ. ಇಬ್ಬರ ಹಲ್ಲಿನಿಂದ ಇಡೀ ಊರಿನ ಊಟ ಹೇಳಲಾಗದು, ಅಲ್ವಾ?

ಅದೇ 2021ರಲ್ಲಿ ಲುಡೋವಿಕ್ ಒರ್ಲಾಂಡೊ ಅವರ ತಂಡ 273 ಪ್ರಾಚೀನ ಕುದುರೆಗಳ ಡಿಎನ್‌ಎ ಹೋಲಿಸಿತು. ಇಂದಿನ ಸಾಕು ಕುದುರೆಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಕೆಳಭಾಗ ಎಂದಿತು. ಸುಮಾರು ಕ್ರಿ.ಪೂ. 2000ದಿಂದ ಆ ಒಂದೇ ತಳಿ ಯುರೋಪ್, ಏಷ್ಯಾ ತುಂಬ ಹರಡಿ ಉಳಿದ ತಳಿಗಳನ್ನು ಅಳಿಸಿಬಿಟ್ಟಿತು. ಉರಲ್ ಬೆಟ್ಟಗಳ ದಕ್ಷಿಣಕ್ಕೆ ಸಿಂತಾಷ್ಟಾ ಎಂಬ ಕಂಚಿನ ಯುಗದ ಜನರ ಸಮಾಧಿಗಳಲ್ಲಿ ಹಗುರ ಚಕ್ರದ ರಥಗಳು ಕಾಣಿಸುವುದೂ ಅದೇ ಸುಮಾರಿಗೆ.

ಅದೇ ತಂಡ 2024ರಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನ ಇನ್ನೂ ನೇರವಾಗಿತ್ತು. ಕ್ರಿ.ಪೂ. 2200ರ ಹೊತ್ತಿಗೆ ಈ ತಳಿಯಲ್ಲಿ ಪೀಳಿಗೆಗಳ ನಡುವಿನ ಅಂತರ ಥಟ್ಟನೆ ಕಡಿಮೆಯಾಗಿದೆ. ಅಂದರೆ ಯಾರೋ ಬೇಗ ಬೇಗ ಮರಿ ಹಾಕಿಸುತ್ತಿದ್ದರು. ಕ್ರಿ.ಪೂ. 3000ದ ಸುಮಾರಿಗೆ ಹುಲ್ಲುಗಾವಲಿನ ಯಾಮ್ನಾಯ ಜನ ದೊಡ್ಡ ಕುದುರೆ ಹಿಂಡುಗಳ ಜೊತೆ ಯುರೋಪಿಗೆ ನುಗ್ಗಿದರು ಎಂಬ ಕಥೆಗೆ ಇದು ಹೊಂದುವುದಿಲ್ಲ. ಹಿಂದಿನ ವರ್ಷವಷ್ಟೇ ಇನ್ನೊಂದು ತಂಡ ಯಾಮ್ನಾಯ ಅಸ್ಥಿಪಂಜರಗಳ ಸೊಂಟ, ತೊಡೆಯ ಮೂಳೆಗಳಲ್ಲಿ ಸವಾರಿಯ ಗುರುತು ಕಂಡಿದ್ದೇವೆ ಎಂದಿತ್ತು. ಗಾಡಿಯಲ್ಲಿ ಕೂತು ಹೋದರೂ ಹಾಗೇ ಆಗಬಹುದು ಎಂಬ ಮರುಮಾತೂ ಬಂದಿದೆ.

ತಮಾಷೆಯೆಂದರೆ ಅದೇ 2024ರ ಅಧ್ಯಯನದಲ್ಲಿ ಬೊತಾಯ್ ಕುದುರೆಗಳ ಪೀಳಿಗೆಯ ಅಂತರವೂ ಕಡಿಮೆಯೇ ಕಂಡಿತು. ಅಲ್ಲಿ ಸಾಕಣೆ ಇತ್ತು ಎನ್ನುವವರಿಗೆ ಮತ್ತೆ ಜೀವ ಬಂತು. ಗೋಜಲು ಇಷ್ಟು ಬೆಳೆದದ್ದು ಮೊದಲ ಸವಾರ ಯಾರು ಎಂಬ ಒಂದೇ ಪ್ರಶ್ನೆಗೆ ಎಲ್ಲ ಮೂಳೆಗಳೂ ಉತ್ತರ ಕೊಡಬೇಕೆಂದು ಬಯಸಿದ್ದರಿಂದ ಇರಬಹುದು. ಮಾಂಸಕ್ಕೆ ಹಿಂಡು ಕಾಯುವುದು, ಹಾಲು ಕರೆಯುವುದು, ಬೆನ್ನೇರುವುದು, ರಥಕ್ಕೆ ಕಟ್ಟುವುದು ಬೇರೆ ಬೇರೆ ಕೆಲಸಗಳು. ಒಂದೇ ಜನ, ಒಂದೇ ಕಾಲದಲ್ಲಿ ಇವನ್ನೆಲ್ಲ ಕಲಿತಿರಬೇಕು ಎಂದೇನಿಲ್ಲ. ಬೊತಾಯ್ ಜನ ಕುದುರೆ ಸಾಕಿಯೂ ಅವರ ತಳಿ ನಮ್ಮ ಲಾಯಗಳನ್ನು ಮುಟ್ಟದೇ ಹೋಗಿರಬಹುದು.