ಇಡೀ ವ್ಯಕ್ತಿಯನ್ನು ಕಾಣುವ ಆಪ್ತಸಮಾಲೋಚನೆ

ಬೆಳಿಗ್ಗೆ ಏಳುವಾಗಲೇ ದಣಿವು, ಯಾವುದರಲ್ಲೂ ಆಸಕ್ತಿ ಇಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ಹೇಳಿಕೊಂಡು ಆಪ್ತಸಮಾಲೋಚಕರ ಬಳಿ ಬರುವ ವ್ಯಕ್ತಿಗೆ ಖಿನ್ನತೆ ಇರಬಹುದು. ಆದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನನ್ನು ಸ್ರವಿಸದಿದ್ದಾಗಲೂ, ದೇಹದಲ್ಲಿ ಬಿ12 ಜೀವಸತ್ವ ಕಡಿಮೆಯಾದಾಗಲೂ ಬಹುಮಟ್ಟಿಗೆ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ರಕ್ತಪರೀಕ್ಷೆಯಿಂದ ತಿಳಿಯಬಹುದಾದ ಇಂತಹ ಕಾರಣವನ್ನು ವಿಚಾರಿಸದೆ ಬಾಲ್ಯದ ನೆನಪುಗಳನ್ನಷ್ಟೇ ಕೆದಕುತ್ತ ಹೋದರೆ ಆ ವ್ಯಕ್ತಿಗೆ ಅನ್ಯಾಯವಾಗುತ್ತದೆ.

ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ, ಕಾಯಿಲೆಯನ್ನು ಕೇವಲ ದೇಹದ ಕೆಡುಕೆಂದು ಕಾಣುವ ವೈದ್ಯಕೀಯ ದೃಷ್ಟಿ ಸಾಲದೆಂದೂ, ಜೈವಿಕ, ಮಾನಸಿಕ ಮತ್ತು ಸಾಮಾಜಿಕ ಅಂಶಗಳನ್ನು ಒಟ್ಟಿಗೆ ಪರಿಗಣಿಸಬೇಕೆಂದೂ ವಾದಿಸಿದರು. ಹೀಗೆ ಇಡೀ ವ್ಯಕ್ತಿಯನ್ನು ಗಮನಿಸುವ ಸಮಗ್ರ ಆಪ್ತಸಮಾಲೋಚನೆಗೆ ಇಂದಿಗೂ ಇದಕ್ಕಿಂತ ಗಟ್ಟಿಯಾದ ತಳಹದಿ ಇಲ್ಲವೆಂದೇ ನನ್ನ ಭಾವನೆ.

ಈ ಅಂಶಗಳು ಪರಸ್ಪರ ಎಷ್ಟು ಹೆಣೆದುಕೊಂಡಿವೆ ಎಂಬುದಕ್ಕೆ ನಿದ್ರೆಯೇ ಸಾಕ್ಷಿ. ಕೆಲಸ ಕಳೆದುಕೊಳ್ಳುವ ಭಯ ಇರುಳಿನ ನಿದ್ದೆಯನ್ನು ಕೆಡಿಸುತ್ತದೆ. ನಿದ್ದೆಗೆಟ್ಟ ಮಿದುಳಿಗೆ ಭಾವನೆಗಳನ್ನು ಹತೋಟಿಯಲ್ಲಿಡುವುದು ಕಷ್ಟವಾಗಿ ಮನೆಯವರೊಂದಿಗೆ ಸಿಡುಕು ಹೆಚ್ಚುತ್ತದೆ. ಆ ಜಗಳದ ಕೊರಗು ಮರುರಾತ್ರಿಯ ನಿದ್ದೆಯನ್ನೂ ಕಸಿಯುತ್ತದೆ. ಖಿನ್ನತೆಯಿಂದ ನಿದ್ರಾಹೀನತೆ ಬರುವಂತೆಯೇ ದೀರ್ಘಕಾಲದ ನಿದ್ರಾಹೀನತೆಯಿಂದ ಖಿನ್ನತೆಯ ಸಾಧ್ಯತೆಯೂ ಹೆಚ್ಚುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಸಲ ಬದಲಿಸಲು ಹೊರಡುವುದು ಸಮಗ್ರತೆಯಲ್ಲ. ಈ ಸುತ್ತನ್ನು ಎಲ್ಲಿ ಸುಲಭವಾಗಿ ತುಂಡರಿಸಬಹುದೆಂದು ಗುರುತಿಸುವುದರಲ್ಲಿ ಸಮಾಲೋಚಕರ ಜಾಣ್ಮೆ ಇದೆ. ಒಬ್ಬರಿಗೆ ಅದು ಮಲಗಿ ಏಳುವ ಹೊತ್ತನ್ನು ನಿಗದಿಪಡಿಸುವುದಾಗಿರಬಹುದು, ಇನ್ನೊಬ್ಬರಿಗೆ ಸಾಲದ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದಾಗಿರಬಹುದು.

ಯಾವ ಹಾದಿ ಹಿಡಿದರೂ ಕೇಳಿಸಿಕೊಳ್ಳುವ ರೀತಿ ಸರಿಯಿಲ್ಲದಿದ್ದರೆ ಫಲ ಸಿಗದು. ಸಹಾನುಭೂತಿ, ಪ್ರಾಮಾಣಿಕತೆ ಮತ್ತು ಷರತ್ತಿಲ್ಲದ ಸ್ವೀಕಾರ ಸಮಾಲೋಚಕರಲ್ಲಿ ಇರಲೇಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದರು. ಇಷ್ಟೇ ಸಾಕೆಂಬ ಅವರ ನಿಲುವನ್ನು ಅನೇಕರು ಒಪ್ಪಲಿಲ್ಲವಾದರೂ, ಇಬ್ಬರ ನಡುವಿನ ನಂಬಿಕೆ ಗಟ್ಟಿಯಾಗಿದ್ದಷ್ಟೂ ಫಲಿತಾಂಶ ಉತ್ತಮವಾಗಿರುವುದನ್ನು ನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡಿವೆ.

ನೋವು ತಗ್ಗಿದ ಬಳಿಕ ಬೆಳವಣಿಗೆಯ ಮಾತು ಬರುತ್ತದೆ. ಸ್ವಂತ ಆಯ್ಕೆ, ಸಾಮರ್ಥ್ಯದ ಅರಿವು, ಇತರರೊಂದಿಗಿನ ನಂಟು ಇವು ಮೂರೂ ಮನುಷ್ಯರ ಮೂಲಭೂತ ಮಾನಸಿಕ ಅಗತ್ಯಗಳೆಂದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರತಿಪಾದಿಸಿದ್ದಾರೆ. ಬೇರೆಯವರು ಹೇರಿದ ಗುರಿಗಿಂತ ತಾನೇ ಆರಿಸಿಕೊಂಡ ಗುರಿ ಹೆಚ್ಚು ಕಾಲ ಉಳಿಯುವುದು ಈ ಕಾರಣದಿಂದಲೇ. ಆದ್ದರಿಂದ ಒಳ್ಳೆಯ ಸಮಾಲೋಚಕರು ಉಪದೇಶ ಮಾಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ.

ಸಮಗ್ರತೆಯ ಹೆಸರಿನಲ್ಲಿ ಔಷಧಿಯನ್ನು ಬಿಡಿಸುವವರ ಬಗ್ಗೆ ಮಾತ್ರ ಎಚ್ಚರ ಬೇಕು. ತೀವ್ರ ಖಿನ್ನತೆ, ಭ್ರಮೆಗಳು ಅಥವಾ ಆತ್ಮಹತ್ಯೆಯ ಯೋಚನೆ ಕಂಡುಬಂದಲ್ಲಿ ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸುವುದು, ಕಳುಹಿಸಿದ ಮೇಲೂ ಆ ವ್ಯಕ್ತಿಯ ಸಂಪರ್ಕದಲ್ಲಿರುವುದು, ಇವೆರಡೂ ಸಮಾಲೋಚಕರ ಕೆಲಸದ ಭಾಗಗಳೇ.