ಎಸಳಿನ ಬಣ್ಣ ಮತ್ತು ಹೊಲಿಗೆಯ ದಿಕ್ಕು: ಹೂವಿನ ಕಸೂತಿಯ ಟಿಪ್ಪಣಿ

ಸಸ್ಯಶಾಸ್ತ್ರದ ಚಿತ್ರಗಳಲ್ಲಿರುವಂತೆ, ನೋಡಿದ ಕೂಡಲೇ ಇಂಥದೇ ಹೂವೆಂದು ಗುರುತು ಹಿಡಿಯುವ ಹಾಗೆ ಕಸೂತಿ ಹಾಕಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಬಟ್ಟೆಯನ್ನು ಹೂಪಿಗೆ (ಕಸೂತಿಯ ಬಳೆಗೆ) ಬಿಗಿಯುವುದು, ನಕ್ಷೆ ಇಳಿಸುವುದು ಮತ್ತು ಸಾಮಾನ್ಯ ಹೊಲಿಗೆಗಳು ಓದುಗರಿಗೆ ತಿಳಿದಿವೆ ಎಂದು ಭಾವಿಸಿದ್ದೇನೆ. ಉದಾಹರಣೆಗೆ ಆದ್ಯಂತ ಕೆಂಪು ದಾಸವಾಳವನ್ನೇ ಇಟ್ಟುಕೊಂಡಿದ್ದೇನೆ. ಅದರ ಎಸಳು ಅಗಲವಾಗಿರುವುದರಿಂದ ಬಣ್ಣದ ಕಷ್ಟವೂ ಹೊಲಿಗೆಯ ಕಷ್ಟವೂ ಅದರಲ್ಲಿ ಒಟ್ಟಿಗೇ ಎದುರಾಗುತ್ತವೆ.

ಬಣ್ಣ ಆರಿಸುವುದು

ದಾಸವಾಳ ಕೆಂಪೆಂದು ಒಂದೇ ಕೆಂಪು ದಾರ ಹಿಡಿದರೆ ಹೂವು ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಎಸಳನ್ನು ಗಮನಿಸಿದರೆ ಬೆಳಕು ಬಿದ್ದ ಅಂಚು ತಿಳಿಯಾಗಿಯೂ, ನಡುಭಾಗ ತುಂಬುಗೆಂಪಾಗಿಯೂ, ಬುಡ ಕಡುಗೆಂಪಾಗಿಯೂ ಇರುತ್ತದೆ. ಆದ್ದರಿಂದ ಒಂದು ಎಸಳಿಗೆ ಕನಿಷ್ಠ 3 ಛಾಯೆಗಳು ಬೇಕು. ಅವುಗಳ ನಡುವಿನ ಅಂತರ ತೀರಾ ಕಡಿಮೆಯಾದರೆ ಒಂದು ಛಾಯೆ ವ್ಯರ್ಥವಾಗುತ್ತದೆ. ತೀರಾ ಹೆಚ್ಚಾದರೆ ಎಸಳಿನ ಮೇಲೆ ಪಟ್ಟೆ ಬಿದ್ದಂತೆ ಕಾಣುತ್ತದೆ.

ದಾರದ ಮೇಲಿನ ಸಂಖ್ಯೆಯನ್ನು ನಂಬಿ ಛಾಯೆಗಳನ್ನು ಜೋಡಿಸಬಾರದು. ಡಿಎಂಸಿ ಎಂಬ ಕಂಪನಿಯ ಕಸೂತಿ ದಾರದ ಹಸಿರುಗಳಲ್ಲಿ 3345, 3346, 3347, 3348 ಎಂಬುವು ಕ್ರಮವಾಗಿ ಗಾಢದಿಂದ ತಿಳಿಯ ಕಡೆಗೆ ಸಾಗುತ್ತವೆ. ಆದರೆ ಅದೇ ಬಳಗದ ಇನ್ನೂ ಗಾಢವಾದ ಹಸಿರಿನ ಸಂಖ್ಯೆ 895. ಹೀಗಾಗಿ ಬಣ್ಣದ ಕಾರ್ಡನ್ನು ನೋಡಿಯೇ ಆರಿಸುವುದು ಕ್ಷೇಮ.

ನನಗೆ ಬಹಳ ಹಿಡಿಸಿದ ಉಪಾಯವೊಂದಿದೆ. ಆರಿಸಿದ ದಾರಗಳನ್ನೆಲ್ಲ ಬಟ್ಟೆಯ ಮೇಲೆ ಒಂದರ ಪಕ್ಕ ಒಂದಿಟ್ಟು, ಕಿಟಕಿಯ ಹಗಲು ಬೆಳಕಿನಲ್ಲಿ ಫೋನಿನಿಂದ ಫೋಟೊ ತೆಗೆದು, ಅದನ್ನು ಕಪ್ಪು-ಬಿಳುಪಿಗೆ ಬದಲಾಯಿಸಬೇಕು. ಆಗ ಬಣ್ಣ ಹೋಗಿ, ಯಾವುದು ಎಷ್ಟು ಗಾಢ ಎಂಬುದಷ್ಟೇ ಉಳಿಯುತ್ತದೆ. ಕಣ್ಣಿಗೆ ಸ್ಪಷ್ಟವಾಗಿ ಬೇರೆಬೇರೆಯಾಗಿದ್ದ ನಡುಗೆಂಪು ಮತ್ತು ನಡುಹಸಿರು ಅನೇಕ ವೇಳೆ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಅಂಥ ಎಸಳನ್ನು ಅಂಥ ಎಲೆಯ ಮೇಲೆ ಹಾಕಿದರೆ ದೂರದಿಂದ ಎಸಳಿನ ಅಂಚೇ ತಿಳಿಯುವುದಿಲ್ಲ. ಆಗ ಕೆಂಪನ್ನು ಮುಟ್ಟದೆ, ಎಸಳಿನ ಹಿಂದೆ ಬರುವ ಎಲೆಗೆ ಇನ್ನೂ ಗಾಢವಾದ ಅಥವಾ ಇನ್ನೂ ತಿಳಿಯಾದ ಹಸಿರನ್ನು ಆರಿಸಿದರೆ ಸಾಕು. ಇನ್ನೊಂದು ಮಾತು: ಲಚ್ಚಿಯಲ್ಲಿ ಒತ್ತಾಗಿದ್ದಾಗ ಗಾಢವಾಗಿ ಕಾಣುವ ದಾರ, ಒಂದೇ ಎಳೆಯಾಗಿ ಬಿಳಿ ಬಟ್ಟೆಯ ಮೇಲೆ ಬಿದ್ದಾಗ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಕೊನೆಯ ತೀರ್ಮಾನವನ್ನು ಬಿಡಿ ಎಳೆಯನ್ನು ನೋಡಿಯೇ ಮಾಡಬೇಕು.

ಲಾಂಗ್ ಅಂಡ್ ಶಾರ್ಟ್ ಹೊಲಿಗೆಯ ಎರಡನೇ ಸಾಲು

ಒಂದು ಛಾಯೆಯಿಂದ ಇನ್ನೊಂದಕ್ಕೆ ಗೆರೆ ಕಾಣದಂತೆ ಸಾಗಲು ಈ ಹೊಲಿಗೆಯೇ ಬೇಕು. ಆರೆಳೆಯ ದಾರದಿಂದ ಒಂದೇ ಎಳೆಯನ್ನು ಬಿಡಿಸಿಕೊಂಡು, 9 ಅಥವಾ 10ನೇ ನಂಬರಿನ ಕಸೂತಿ ಸೂಜಿಗೆ ಪೋಣಿಸಬೇಕು. ಎಸಳಿನ ಅಂಚಿಗೆ ಮೊದಲು ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ಎಳೆಯನ್ನು ಸೀಳುತ್ತ ಸಾಗುವ ಗೆರೆಹೊಲಿಗೆ) ಹಾಕಿ, ಮುಂದಿನ ಹೊಲಿಗೆಗಳು ಅದನ್ನು ಮುಚ್ಚುವಂತೆ ಮಾಡಿದರೆ ಅಂಚು ತುಸು ಉಬ್ಬಿ ಚೊಕ್ಕಟವಾಗಿ ನಿಲ್ಲುತ್ತದೆ. ಮೊದಲ ಸಾಲಿನಲ್ಲಿ ಒಂದು ಉದ್ದ, ಒಂದು ಗಿಡ್ಡ ಹೊಲಿಗೆಗಳನ್ನು ಅಂಚಿನಿಂದ ಬುಡದ ಕಡೆಗೆ ಹಾಕುತ್ತೇವೆ. ಇಲ್ಲಿಯವರೆಗೆ ತೊಡಕಿಲ್ಲ.

ನನಗೆ ಬಹುಕಾಲ ಬಿಡಿಸಲಾಗದ ಗಂಟಾಗಿದ್ದುದು ಎರಡನೇ ಸಾಲು. ಅಲ್ಲಿ ಉದ್ದ-ಗಿಡ್ಡ ಎಂಬ ಭೇದವೇ ಇಲ್ಲ. ಹೊಲಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಾಗಿರಬೇಕು. ಮೊದಲ ಸಾಲಿನ ಒಳತುದಿ ಹಲ್ಲು ಮುರಿದ ಬಾಚಣಿಗೆಯಂತೆ ಏರುಪೇರಾಗಿರುತ್ತದೆ. ಎರಡನೇ ಸಾಲು ಆ ಏರುಪೇರಿನಿಂದಲೇ ಹೊರಡುವುದರಿಂದ, ಹೊಲಿಗೆಗಳು ಸಮ ಉದ್ದದವಾದರೂ ಅವುಗಳ ಕೊನೆಗಳು ತಾವಾಗಿಯೇ ಏರುಪೇರಾಗುತ್ತವೆ. ಇಲ್ಲಿಯೂ ಉದ್ದ-ಗಿಡ್ಡ ಮಾಡಲು ಹೊರಟರೆ ಗಿಡ್ಡದರ ಕೊನೆಗಳೂ ಉದ್ದದರ ಕೊನೆಗಳೂ ಒಂದೇ ಮಟ್ಟಕ್ಕೆ ಬಂದು, ತಪ್ಪಿಸಬೇಕೆಂದಿದ್ದ ಗೆರೆ ಮತ್ತೆ ಮೂಡುವ ಸಂಭವವಿದೆ.

ಸೂಜಿ ಎಲ್ಲಿಂದ ಮೇಲೆ ಬರಬೇಕು ಎಂಬುದು ಅಷ್ಟೇ ಮುಖ್ಯ. ಹಿಂದಿನ ಹೊಲಿಗೆ ಮುಗಿದ ತೂತಿನಿಂದಲೇ ಬಂದರೆ ಎರಡರ ನಡುವೆ ಸಣ್ಣ ಕುಳಿ ಕಾಣುತ್ತದೆ. ಅದರ ಬದಲು ತುದಿಗಿಂತ ಸ್ವಲ್ಪ ಹಿಂದೆ, ಹೊಲಿಗೆಯ ಉದ್ದದ ಕಾಲುಭಾಗದಷ್ಟು ಒಳಗೆ, ಬಟ್ಟೆಯ ಕೆಳಗಿನಿಂದ ಆ ಎಳೆಯನ್ನೇ ಸೀಳಿಕೊಂಡು ಮೇಲೆ ಬಂದು, ಮುಂದಿರುವ ಖಾಲಿ ಬಟ್ಟೆಯಲ್ಲಿ ಇಳಿಯಬೇಕು. ಹೀಗೆ ಕೆಳಗಿನಿಂದ ಸೀಳಿದರೆ ತಿಳಿಗೆಂಪಿನೊಳಗಿನಿಂದಲೇ ತುಂಬುಗೆಂಪು ಹೊರಟಂತೆ ಕಾಣುತ್ತದೆ.

ದಾಸವಾಳದ ಎಸಳು ಅಂಚಿನಲ್ಲಿ ಅಗಲ, ಬುಡದಲ್ಲಿ ಕಿರಿದು. ಮೊದಲ ಸಾಲಿನ ಪ್ರತಿಯೊಂದು ಹೊಲಿಗೆಗೂ ಎರಡನೇ ಸಾಲಿನಲ್ಲಿ ಜೊತೆ ಕೊಡುತ್ತ ಹೋದರೆ ಬುಡದಲ್ಲಿ ದಾರ ಗುಂಪುಗೂಡಿ ದಪ್ಪವಾಗುತ್ತದೆ. ಆದ್ದರಿಂದ ಒಳಗೆ ಸಾಗಿದಂತೆಲ್ಲ ಕೆಲವನ್ನು ಬಿಟ್ಟು ಬಿಟ್ಟು ಹಾಕಬೇಕು. ದಿಕ್ಕು ತಪ್ಪದಿರಲು ಅಂಚಿನಿಂದ ಬುಡಕ್ಕೆ ಪೆನ್ಸಿಲಿನಿಂದ ತೆಳು ಗೆರೆಗಳನ್ನು ಎಳೆದುಕೊಂಡು, ಎಸಳಿನ ನಡುವೆ ಮೊದಲ ಹೊಲಿಗೆ ಹಾಕಿ, ಅಲ್ಲಿಂದ ಒಂದು ಬದಿಗೆ ಸಾಗಿ, ಮತ್ತೆ ನಡುವಿಗೆ ಬಂದು ಇನ್ನೊಂದು ಬದಿಯನ್ನು ತುಂಬುವುದು ಒಳ್ಳೆಯದು.

ದಿಕ್ಕೂ ಒಂದು ಬಣ್ಣವೇ

ಹೊಳಪಿರುವ ಹತ್ತಿಯ ದಾರ ಬೆಳಕನ್ನು ತಾನು ಮಲಗಿರುವ ದಿಕ್ಕಿಗೆ ತಕ್ಕಂತೆ ಹಿಂದಿರುಗಿಸುತ್ತದೆ. ಎಲೆಗೆ ಫಿಶ್‌ಬೋನ್ ಹೊಲಿಗೆ (ನಡುನರದ ಎರಡೂ ಬದಿಗೆ ಓರೆಯಾಗಿ ಬೀಳುವ ಹೊಲಿಗೆ) ಹಾಕಿದಾಗ ಒಂದೇ ಹಸಿರು ನಡುನರದ ಎಡಕ್ಕೆ ತಿಳಿಯಾಗಿ, ಬಲಕ್ಕೆ ಗಾಢವಾಗಿ ಕಾಣಲು ಇದೇ ಕಾರಣ. ಹೂಪನ್ನು ತಿರುಗಿಸಿದರೆ ಎರಡೂ ಅದಲುಬದಲಾಗುತ್ತವೆ. ಹೀಗಾಗಿ ಸಣ್ಣ ಎಲೆಗಳಿಗೆ ಎರಡನೇ ಹಸಿರು ಬೇಕಾಗುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಉಳಿದ ಭಾಗಗಳು

ತೊಟ್ಟಿಗೆ ಸ್ಟೆಮ್ ಸ್ಟಿಚ್ ಸಾಕು. ಒಂದು ಸೆಂಟಿಮೀಟರಿಗಿಂತ ಕಿರಿದಾದ ಎಸಳುಗಳಿಗೆ ಒಂದು ಅಂಚಿನಿಂದ ಇನ್ನೊಂದಕ್ಕೆ ಒತ್ತೊತ್ತಾಗಿ ಹಾಕುವ ಸ್ಯಾಟಿನ್ ಹೊಲಿಗೆ ಹೊಂದುತ್ತದೆ. ಅದಕ್ಕಿಂತ ಅಗಲವಾದರೆ ದಾರ ಸಡಿಲಗೊಂಡು ಜೋಲುತ್ತದೆ. ಹಿಂದಿರುವ ಎಸಳನ್ನು ಮೊದಲು, ಮುಂದಿರುವುದನ್ನು ಆಮೇಲೆ ತುಂಬಬೇಕು. ದಾಸವಾಳದ ಕೇಸರದ ಕಂಬವನ್ನು ಎಸಳುಗಳೆಲ್ಲ ಮುಗಿದ ಮೇಲೆ ಹಾಕಬೇಕು: ಕಂಬದಿಂದ ಹೊರಚಾಚುವ ಪುಟ್ಟ ನೇರ ಹೊಲಿಗೆಗಳ ತುದಿಗೆ ಹಳದಿ ಫ್ರೆಂಚ್ ನಾಟ್ (ದಾರವನ್ನು ಸೂಜಿಗೆ ಸುತ್ತಿ ಹಾಕುವ ಪುಟ್ಟ ಗಂಟು), ಎಲ್ಲಕ್ಕಿಂತ ಮೇಲೆ ಶಲಾಕಾಗ್ರದ, ಅಂದರೆ ಕಂಬದ ತುದಿಯಲ್ಲಿ ಕಾಣುವ ಹೆಣ್ಣು ಭಾಗದ, 5 ಕವಲುಗಳಿಗೆ 5 ಕೆಂಪು ನಾಟ್. ಈ ಐದು ಚುಕ್ಕೆಗಳನ್ನು ಬಿಟ್ಟರೆ ಹೂವಿನ ಗುರುತೇ ಅರ್ಧ ಅಳಿಸಿಹೋಗುತ್ತದೆ. ಕಡುಗೆಂಪು ದಾರವನ್ನು ಬಿಳಿ ಬಟ್ಟೆಗೆ ಬಳಸುವ ಮುನ್ನ ಅದರ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ, ಬಣ್ಣ ಬಿಡುವುದಾದರೆ ಆ ದಾರವನ್ನು ಒಗೆಯುವ ಬಟ್ಟೆಗೆ ಬಳಸದಿರುವುದು ಉತ್ತಮ.