ಹಿನ್ನೀರಿನಾಚೆಯ ಉಪ್ಪಾಗೆ: ಕೊಯ್ಲಿನ ದಿನ ಗೊತ್ತುಮಾಡುವವರು ಯಾರು?

ಸಾಗರ ತಾಲೂಕಿನ ಕರೂರು, ಬಾರಂಗಿ ಹೋಬಳಿಗಳನ್ನು ಜನ ‘ದ್ವೀಪ’ ಅಂತಲೇ ಕರೆಯುವುದು. ನಕಾಶೆ ಬಿಡಿಸಿದರೆ ಪೂರ್ತಿ ದ್ವೀಪವೇನಲ್ಲ, ಒಂದು ಕಡೆ ಘಟ್ಟವಿದೆ, ಉಳಿದ ಕಡೆ ಶರಾವತಿ ಹಿನ್ನೀರು. ಆದರೆ ಇಲ್ಲಿನ ತುಮರಿಯವರು ಸಾಗರದ ಆಸ್ಪತ್ರೆಗೆ ಹೋಗಬೇಕೆಂದರೆ ಮೊನ್ನೆ ಮೊನ್ನೆಯವರೆಗೂ ಹೊಳೆಬಾಗಿಲಿನಲ್ಲಿ ಲಾಂಚು ಕಾಯಬೇಕಿತ್ತು, ಅದು ತಪ್ಪಿದರೆ ಹೊಸನಗರ ಸುತ್ತಬೇಕಿತ್ತು. ಹಾಗಾಗಿ ದ್ವೀಪವೇ ಅನ್ನಿ. ಇಲ್ಲಿನ ಕಾಡಿನಿಂದ ಏನು ತರಬಹುದು, ಯಾರು ತರಬಹುದು, ಯಾವಾಗ ತರಬಹುದು ಎಂಬುದು ಈಗ ಎಷ್ಟು ಗೋಜಲಾಗಿದೆಯೆಂದರೆ, ಒಂದೇ ಒಂದು ಮರದ ಬಗ್ಗೆ ಕೇಳಿದರೂ ನಾಲ್ಕು ಕಡತ ಬಿಚ್ಚಬೇಕು. ಆ ಮರ ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರ ಅಂತಲೇ ಇಟ್ಟುಕೊಳ್ಳೋಣ.

ಹಳೆಯ ಲೆಕ್ಕ ಸರಳವಾಗಿತ್ತು. ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟ, ಊರಿಗೆ ಕಾನು ಎಂಬ ದಟ್ಟ ಕಾಡು. ಪಕ್ಕದ ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು, ಅಂದರೆ ಸರ್ಕಾರದ ಕಣ್ಣು ಅಷ್ಟು ಹಿಂದೆಯೇ ಬಿದ್ದಿತ್ತು. 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು, 1964ಕ್ಕೆ ಲಿಂಗನಮಕ್ಕಿ. ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿಗೆ ನಿಂತಾಗ ಹಿರೇಭಾಸ್ಕರವೇ ಮುಳುಗಿತು, ಗದ್ದೆ ತೋಟಗಳ ಮಾತಂತೂ ಬೇಡ. ಇಲ್ಲೊಂದು ಸೂಕ್ಷ್ಮವಿದೆ. ಸೊಪ್ಪಿನ ಬೆಟ್ಟದ ಹಕ್ಕು ತೋಟಕ್ಕೆ ಅಂಟಿಕೊಂಡದ್ದು. ತೋಟ ಮುಳುಗಿದರೆ ಬೆಟ್ಟ ನೀರಿನ ಮೇಲೇ ಇದ್ದರೂ ಹಕ್ಕಿಗೆ ನಿಲ್ಲಲು ನೆಲವಿಲ್ಲ. ಗುಡ್ಡ ಹತ್ತಿದವರು ಅದೇ ಕಾಡಿನೊಳಗೆ ಬರಿಗೈಯವರಾದರು.

1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಬಂತು, 431 ಚದರ ಕಿಲೋಮೀಟರ್. ಎಂಬತ್ತರ ದಶಕದಲ್ಲಿ ಜಿಲ್ಲೆಯ ತುಂಬ ಅಕೇಶಿಯಾ ಬಂತು. ಅದರ ಕಥೆಯೇ ಬೇರೆ, ಇಲ್ಲಿಗೆ ಇಷ್ಟು ಸಾಕು: ಅದರ ದರಕು, ಅಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಹಾಕಿದರೆ ಬೇಗ ಕೊಳೆಯದು, ಸೊಪ್ಪನ್ನು ದನ ಮೂಸುವುದಿಲ್ಲ.

1993ರಲ್ಲಿ ಇಲಾಖೆ ಮತ್ತು ಊರು ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆಯ ಆದೇಶವಾಯಿತು, ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಊರಿನವರೊಬ್ಬರು ಅಧ್ಯಕ್ಷರು, ಫಾರೆಸ್ಟರ್ ಕಾರ್ಯದರ್ಶಿ, ಇಬ್ಬರ ಸಹಿಯಿದ್ದರೆ ಮಾತ್ರ ಬ್ಯಾಂಕಿನಿಂದ ದುಡ್ಡು. ಗುಂಡಿ ತೋಡುವುದು, ಸಸಿ ನೆಡುವುದು, ಕಾಡ್ಗಿಚ್ಚು ದಾಟದಂತೆ ಬೆಂಕಿ ಲೈನು ಗುಡಿಸುವುದು ಊರಿನ ಪಾಲಿಗೆ ಬಂತು. ಬೆಂಕಿ ಲೈನು ಒಂದನ್ನೇ ನೋಡಿ. ಡಿಸೆಂಬರಿನಲ್ಲಿ ಹತ್ತು ಹನ್ನೆರಡು ಅಡಿ ಅಗಲಕ್ಕೆ ಕೆರೆದು ಗುಡಿಸಿದರೆ ಲೆಕ್ಕದಲ್ಲಿ ಕೆಲಸ ಮುಗಿಯಿತು. ಆದರೆ ಮತ್ತಿ, ನಂದಿ ಮರಗಳು ಎಲೆ ಉದುರಿಸುವುದೇ ಆಮೇಲೆ. ಶಿವರಾತ್ರಿ ಹೊತ್ತಿಗೆ ಲೈನಿನ ಮೇಲೆ ಮತ್ತೆ ಗೇಣುದ್ದ ದರಕು ಬಿದ್ದಿರುತ್ತದೆ, ಬೆಂಕಿ ಆರಾಮಾಗಿ ದಾಟುತ್ತದೆ. ಎರಡನೇ ಸಲ ಗುಡಿಸಲು ಅಂದಾಜುಪಟ್ಟಿಯಲ್ಲಿ ಕಾಸಿಲ್ಲದಿದ್ದರೆ ಅದು ಬಿಟ್ಟಿ ಕೆಲಸ. ಕೆಲವೂರಿನವರು ಮಾಡಿದರು, ಹಲವೂರಿನವರು ಬಿಟ್ಟರು. ಬಿಟ್ಟವರನ್ನು ದೂರುವುದು ಕಷ್ಟ.

ಉಪ್ಪಾಗೆಗೆ ಬೆಲೆ ಬಂದದ್ದೂ ಇದೇ ಸುಮಾರಿಗೆ. ಅದಕ್ಕೆ ಮುಂಚೆ ಮಲೆನಾಡಿನಲ್ಲಿ ಅದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆ ಹುಳಿಗೆ. ತೊಂಬತ್ತರ ದಶಕದಲ್ಲಿ ಅದೇ ಸಿಪ್ಪೆಯ ಹುಳಿಯ ಅಂಶ ವಿದೇಶಗಳಲ್ಲಿ ಬೊಜ್ಜು ಕರಗಿಸುವ ಮಾತ್ರೆಯಾಯಿತು, ದರ ಏರಿತು. ಮರಕ್ಕೆ ಯಜಮಾನನಿಲ್ಲ, ಹಣ್ಣಿಗೆ ದರವಿದೆ. ಮೊದಲು ಹೋದವನಿಗೆ ಮೊದಲ ಕಾಯಿ.

ಹಣ್ಣು ಬಲಿತು ಹಳದಿಯಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಜಡಿಮಳೆಯ ನಡುವೆ. ಪೈಪೋಟಿ ಶುರುವಾದ ಮೇಲೆ ಹಸಿರು ಕಾಯಿಯನ್ನೇ ಉದುರಿಸತೊಡಗಿದರು, ಕೈಗೆಟುಕದ ಕೊಂಬೆ ಕಡಿದರು. ಇದರಿಂದ ನಷ್ಟ ಮೂರು ಬಗೆ. ಎಳೆಕಾಯಿಯ ಸಿಪ್ಪೆ ತೆಳು, ಒಣಗಿದಾಗ ತೂಕ ಬಾರದು. ಚೆನ್ನಾಗಿ ಬಲಿತ ಹಣ್ಣಾದರೆ ಹತ್ತು ಕಿಲೋಗೆ ಒಂದು ಕಿಲೋ ಆಸುಪಾಸು ಒಣಸಿಪ್ಪೆ ಸಿಕ್ಕೀತು. ಎಳೆಯ ಬೀಜ ಹುಟ್ಟುವುದಿಲ್ಲ. ಕೊಂಬೆ ಹೋದರೆ ಮುಂದಿನ ವರ್ಷದ ಹಣ್ಣೂ ಹೋಯಿತು. ಸಿಂಗಳೀಕ ಎಂಬ ಕಾಡುಕೋತಿಯ ಮಳೆಗಾಲದ ಊಟವೂ ಇದೇ ಹಣ್ಣು, ಅದನ್ನು ಲೆಕ್ಕಕ್ಕೆ ಹಿಡಿದವರು ಆಗ ಕಡಿಮೆ.

ಒಣಗಿಸುವುದು ಇನ್ನೊಂದು ತಲೆನೋವು. ಬಿಸಿಲಿಲ್ಲ. ಅಡಿಕೆ ದಬ್ಬೆಯ ಅಟ್ಟ ಕಟ್ಟಿ, ಸಿಪ್ಪೆ ಹರವಿ, ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕಬೇಕು. ನಾಲ್ಕೂ ಬದಿ ತೆರೆದ ಅಟ್ಟದಲ್ಲಿ ಶಾಖದ ಬಹುಪಾಲು ಗಾಳಿಗೆ ಹೋಗುತ್ತದೆ, ಸೌದೆಗೆ ಮತ್ತೆ ಅದೇ ಕಾಡು. ಮೂರು ಬದಿಗೆ ಜಂಬಿಟ್ಟಿಗೆಯ ಗೋಡೆ ಏರಿಸಿ, ಉರಿಯ ಮೇಲೆ ತಗಡು ಅಡ್ಡ ಕೊಟ್ಟರೆ ಸೌದೆ ಉಳಿಯುತ್ತದೆ, ಹೊಗೆಯೂ ಸಿಪ್ಪೆಗೆ ತಾಗದು. ಸಿಪ್ಪೆ ಎರಡು ಮೂರು ಇಂಚಿಗಿಂತ ದಪ್ಪ ಹರವಬಾರದು. ಹರವಿದರೆ ಕೆಳಗಿನದು ಕಪ್ಪಾಗಿ ಮೇಲಿನದು ಹಸಿಯಾಗೇ ಉಳಿದು, ಚೀಲ ಕಟ್ಟಿದ ವಾರದೊಳಗೆ ಬೂಷ್ಟು.

ಈ ಎಲ್ಲಕ್ಕೂ ಮದ್ದು ಗೊತ್ತಿಲ್ಲದ್ದೇನಲ್ಲ: ಊರು ಸೇರಿ ಕೊಯ್ಲಿನ ದಿನ ಗೊತ್ತುಮಾಡುವುದು, ಅದಕ್ಕೆ ಮುಂಚೆ ಯಾರೂ ಮರ ಹತ್ತದಿರುವುದು, ಮರದ ತುದಿಯ ಹಣ್ಣು ಪ್ರಾಣಿಗಳಿಗೆ ಬಿಡುವುದು. ಆದರೆ ಹಣ್ಣು ಕೊಯ್ಯುವ ಹಕ್ಕಿನ ಟೆಂಡರು ಆಗುವುದು ಬೇರೆಡೆ, ಟೆಂಡರು ಹಿಡಿದವರಿಗೆ ಅವಧಿಯೊಳಗೆ ಮಾಲು ಬೇಕು. ದಿನ ಗೊತ್ತುಮಾಡಿದ ಊರಿಗೆ ಪಕ್ಕದೂರಿನವರನ್ನು ತಡೆಯುವ ಅಧಿಕಾರವಿಲ್ಲ. ಕಾಯುವ ಕೆಲಸ ಸಿಕ್ಕಿತು, ಬೇಡ ಎನ್ನುವ ಅಧಿಕಾರ ಸಿಗಲಿಲ್ಲ.

ಸಸಿ ಮಾಡುವಲ್ಲಿಯೂ ಎಡವಿದ್ದುಂಟು. ಉಪ್ಪಾಗೆ ಬೀಜವನ್ನು ಹಾಗೇ ಹಾಕಿದರೆ ಮೊಳೆಯಲು ಆರೇಳು ತಿಂಗಳು ಬೇಕು. ಸತ್ತಿದೆಯೆಂದು ಚೀಲ ಸುರಿದುಬಿಟ್ಟ ನರ್ಸರಿಗಳಿವೆ. ಮೇಲಿನ ಗಟ್ಟಿ ಸಿಪ್ಪೆ ಸುಲಿದು ಹಾಕಿದರೆ ಬೇಗ ಬರುತ್ತದೆ. ಬೀಜದ ಸಸಿಯಲ್ಲಿ ಅರ್ಧದಷ್ಟು ಹಣ್ಣು ಬಿಡದ ಗಂಡು, ಉಳಿದವು ಫಲಕ್ಕೆ ಹತ್ತು ವರ್ಷ ದಾಟಬೇಕು. ಅದಕ್ಕೇ ಕಸಿ. ಕಸಿಗೆ ನೆಟ್ಟಗೆ ಮೇಲೇಳುವ ಚಿಗುರನ್ನೇ ತೆಗೆಯಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮರವಾಗದೆ ನೆಲದ ಮೇಲೆ ಹರಡಿಕೊಂಡು ಪೊದೆಯಾಗುತ್ತದೆ.

2000ದ ಫೆಬ್ರುವರಿಯಲ್ಲಿ ಅಭಯಾರಣ್ಯಗಳಿಂದ ಒಣಮರ, ಹುಲ್ಲು ಸಹ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅಭಯಾರಣ್ಯದ ಗಡಿಯೊಳಗೆ ಬಿದ್ದ ಊರಿಗೊಂದು ಕಾನೂನು, ಹೊರಗುಳಿದ ಊರಿಗೊಂದು. 2006ರ ಅರಣ್ಯ ಹಕ್ಕು ಕಾಯ್ದೆ ಹಣ್ಣು, ಜೇನಿನಂಥ ಕಿರು ಉತ್ಪನ್ನದ ಹಕ್ಕನ್ನು ಅಭಯಾರಣ್ಯದೊಳಗೂ ಮಾನ್ಯ ಮಾಡಿತು. ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರಿಗೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಅರವತ್ತರ ದಶಕದಲ್ಲಿ ನೀರು ಓಡಿಸಿದ್ದಕ್ಕೆ ಗುಡ್ಡ ಹತ್ತಿದ ಮನೆಯವರು ಅಲ್ಲಿ 75 ವರ್ಷದ ದಾಖಲೆ ಎಲ್ಲಿಂದ ತಂದಾರು? ದಾಖಲೆಯಿದ್ದ ಊರು ನೀರಿನಡಿಯಿದೆ. 2019ರಲ್ಲಿ ಅಭಯಾರಣ್ಯ ಸಿಂಗಳೀಕದ ಹೆಸರಿನಲ್ಲಿ ಹಿಗ್ಗಿ 930 ಚದರ ಕಿಲೋಮೀಟರ್ ಆಯಿತು. ಸಿಂಗಳೀಕಕ್ಕೆ ಒಳ್ಳೆಯದೇ ಆಯಿತು. ಉಪ್ಪಾಗೆ ಕೊಯ್ಯುವವರನ್ನೂ ಕೂರಿಸಿಕೊಂಡು ಗಡಿ ಎಳೆದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಆಸ್ಪತ್ರೆ, ಕಾಲೇಜಿನ ದೃಷ್ಟಿಯಿಂದ ಬಹಳ ಹಿಂದೆಯೇ ಆಗಬೇಕಿತ್ತು, ಎರಡು ಮಾತಿಲ್ಲ. ಕಾಡಿನ ಲೆಕ್ಕ ಮಾತ್ರ ಬದಲಾಯಿತು. ಲಾಂಚಿನಲ್ಲಿ ಜಾಗ ಕಡಿಮೆ, ಸರದಿ ಉದ್ದ, ಸಂಜೆಗೆ ಬಂದ್. ನೀರು ತುಂಬಿದ ಹಸಿಹಣ್ಣು ದಾಟಿಸುವುದು ಗಿಟ್ಟುತ್ತಿರಲಿಲ್ಲ, ಸುಲಿದು ಒಣಗಿಸುವುದೆಲ್ಲ ದ್ವೀಪದ ದಡದಲ್ಲೇ ಆಗಬೇಕಿತ್ತು. ಅಟ್ಟದ ಹಿಂದೆ ರಾಶಿ ಬಿದ್ದ ಬೀಜದಲ್ಲಿ ಬಲಿತದ್ದಷ್ಟು ಮಳೆನೀರಿಗೆ ಕೊಚ್ಚಿ ಬೇಲಿಯಂಚಿನಲ್ಲಾದರೂ ಹುಟ್ಟಬಹುದಿತ್ತು. ಇನ್ನು ಪಿಕಪ್ಪಿಗೆ ಹಸಿಹಣ್ಣೇ ತುಂಬಿ ಅರ್ಧ ಗಂಟೆಯೊಳಗೆ ಸಾಗರದ ಕಡೆಯ ದಡ ಸೇರಿಸಬಹುದು. ಇಲ್ಲಿ ಸೌದೆ ಉಳಿದೀತು, ಬೀಜ ಸಿಪ್ಪೆಯ ಜೊತೆಗೇ ಹೋದೀತು. ಸುಲಿದ ಬೀಜ ಊರಲ್ಲೇ ಉಳಿಯಬೇಕು, ಜೂನ್ ಇಂಥ ತಾರೀಖಿಗೆ ಮುಂಚೆ ಗಾಡಿ ತುಂಬಬಾರದು ಎಂದು ಮೇ ತಿಂಗಳ ಗ್ರಾಮಸಭೆಯಲ್ಲಿ ಎರಡು ಸಾಲಿನ ಠರಾವು ಬರೆಯಬಹುದು. ಬರೆದ ಮೇಲೆ ಸೇತುವೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಕೇಳುವವರು ಯಾರೆಂಬುದು ಯಾವ ಆದೇಶದಲ್ಲೂ ಇಲ್ಲ.